ಅಪ್ಪನ ಸಿಟ್ಟಿಗೊಂದು ಪದ

ಮನೆ, ಹೊಲಿಗೆ ಕೋಣೆ
ಜೂನ್ ೮, ಭಾನುವಾರ ಬೆಳಿಗ್ಗೆ

ಪ್ರೀತಿಯ ಅಕ್ಕಾ,

ನಿನ್ನ ಬೆನ್ನುನೋವು ಹೇಗಿದೆ? ಹೊಸ ಅಂಗಡಿಯ ಮೇಜು ತೀರಾ ತಗ್ಗು ಎಂದು ಬರೆದಿದ್ದೆಯಲ್ಲ, ಕಾಲಿನ ಕೆಳಗೆ ಇಟ್ಟಿಗೆ ಕೊಟ್ಟೆಯಾ? ನಾವೆಲ್ಲ ಚೆನ್ನಾಗಿದ್ದೇವೆ. ಅಮ್ಮನ ಕೆಮ್ಮು ಹೋಗಿದೆ, ಧ್ವನಿ ಮತ್ತೆ ಬೀದಿಯ ತುದಿಯವರೆಗೂ ಕೇಳುತ್ತಿದೆ.

ನಿಘಂಟು ಕಚೇರಿಯಲ್ಲಿ ಈ ತಿಂಗಳು ನನ್ನ ಪಾಲಿಗೆ ಬಂದಿರುವುದು ಬರೀ ಕೆಟ್ಟ ಭಾವನೆಗಳ ಪದಗಳು. "ನಿನ್ನಂಥ ಸಾಧು ಪ್ರಾಣಿಗೆ ಇವೇ ಸರಿ" ಎಂದು ಸಂಪಾದಕರು ನಕ್ಕರು. ಅವರದೊಂದು ಪದ್ಧತಿಯಿದೆ: ಅರ್ಥ ಬರೆದ ಮೇಲೆ ಅದನ್ನು ಬದುಕಿರುವ ಯಾರಾದರೊಬ್ಬರ ಮೇಲೆ ಹೊಂದಿಸಿ ನೋಡಲೇಬೇಕು, ಹೊಲಿದ ಅಂಗಿಯನ್ನು ತೊಡಿಸಿ ನೋಡಿದಂತೆ. ಹೊರಗಿನವರನ್ನು ಮಾತನಾಡಿಸಲು ನನಗೆಲ್ಲಿದೆ ಧೈರ್ಯ? ನೀನು ಮನೆಯ ಹೊಲಿಗೆ ಕೆಲಸ ಬಿಟ್ಟು ಬೇರೆ ಊರಲ್ಲಿ ಅಂಗಡಿ ಹಾಕಿದಂದಿನಿಂದ ಮುಖ ಗಂಟು ಹಾಕಿಕೊಂಡಿರುವ ಅಪ್ಪ ಮನೆಯಲ್ಲೇ ಇದ್ದಾರಲ್ಲ.

ಮೊದಲು ಕೋಪ ತೊಡಿಸಿದೆ. ಅದರ ಮೂಲದಲ್ಲಿ ಕುದಿದು ಉಕ್ಕುವ ಅರ್ಥವಿದೆ. ಅಪ್ಪ ಉಕ್ಕಲಿಲ್ಲ, ನಿನ್ನ ಹೆಸರೆತ್ತಿದಾಗ ಸೂಜಿಗೆ ದಾರ ಪೋಣಿಸತೊಡಗಿದರು, ಅಷ್ಟೇ. ದಾರ ಮೊದಲೇ ಪೋಣಿಸಿತ್ತು. ಹೊಟ್ಟೆಕಿಚ್ಚೇ? ಹೊಟ್ಟೆಯಲ್ಲಿ ಕಿಚ್ಚಿದ್ದವರು ಅಪ್ಪನ ಹಾಗೆ ಮತ್ತೆ ಮತ್ತೆ ಅನ್ನ ಬಡಿಸಿಕೊಳ್ಳುವುದಿಲ್ಲ. ಶೋಕದ ಬೇರಿನಲ್ಲೂ ಉರಿಯುವುದು ಎಂಬ ಅರ್ಥವೇ ಇದೆ ಎಂದೆ. ಅಮ್ಮ ಕೇಳಿಸಿಕೊಂಡು, "ಈ ಮನುಷ್ಯನ ಹತ್ರ ಇರೋದು ಬರೀ ಹೊಗೆ ಕಣೋ" ಅಂದಳು. ಇನ್ನು ವಿಷಾದ ಎಂದರೆ ಮೂಲದಲ್ಲಿ ಕುಸಿದು ಕೂರುವುದು. ದರ್ಜಿಗಳು ದಿನವಿಡೀ ಕೂತೇ ಇರುತ್ತಾರೆ, ಹೇಗೆ ಗೊತ್ತಾಗಬೇಕು?

ಕೊನೆಗೆ ಅಪ್ಪನೇ ಒಂದು ಪದ ಕೊಟ್ಟರು. "ಅವಳ ಅಂಗಡಿ ಸುದ್ದಿ ಎತ್ತಬೇಡ, ಕೇಳಿದ್ರೇ ಜುಗುಪ್ಸೆ ಆಗುತ್ತೆ." ಮರುದಿನ ಕಚೇರಿಯಲ್ಲಿ ಅದರ ಬೇರು ಹುಡುಕಿದೆ. 'ಗುಪ್' ಎಂಬ ಧಾತು, ಕಾಪಾಡು ಎಂದರ್ಥ. ತನ್ನನ್ನು ಕಾಪಾಡಿಕೊಳ್ಳಬೇಕೆಂಬ ಬಯಕೆಯೇ ಮುಂದೆ ಹೇಸಿಗೆಯಾಯಿತಂತೆ. ಸಂಜೆ ಮನೆಗೆ ಬಂದು ನೋಡಿದರೆ ಅಪ್ಪ ನಿನ್ನ ಹಳೆಯ ಕತ್ತರಿಗೆ ಎಣ್ಣೆ ಹಚ್ಚಿ, ಮಗುವಿನ ಹಾಗೆ ಬಟ್ಟೆಯಲ್ಲಿ ಸುತ್ತುತ್ತಿದ್ದಾರೆ. ಮುಟ್ಟಲು ಹೋದ ನನ್ನ ಕೈಗೆ ಪಟ್ ಎಂದು ಕೊಟ್ಟರು. "ಅದು ಅವಳದ್ದು."

ಹಾಗಾಗಿ ಜುಗುಪ್ಸೆಯೂ ತೋಳಿನ ಹತ್ತಿರ ಬಿಗಿಯಾಯಿತು. ಈಗ 'ಮುನಿಸು' ತೊಡಿಸಿದ್ದೇನೆ: ತನ್ನವರ ಮೇಲೆ ಮಾತ್ರ ಬರುವ ಸಿಟ್ಟು, ಬಂದು ಯಾರಾದರೂ ರಮಿಸಲಿ ಎಂದು ಕಾಯುವಂಥದ್ದು. ಅಳತೆ ಸರಿಯಾಗಿದೆ, ಒಂದು ಹೊಲಿಗೆಯನ್ನೂ ಬಿಚ್ಚಬೇಕಿಲ್ಲ.

ಅಮ್ಮನ ಆಶೀರ್ವಾದವನ್ನೂ ಪಕ್ಕದ ಮನೆ ಅಜ್ಜಿಯ ವಿಚಾರಣೆಯನ್ನೂ ಅಪ್ಪನ ಮೌನವನ್ನೂ ಇದರ ಜೊತೆಗೇ ಮಡಚಿಟ್ಟಿದ್ದೇನೆ.

ನಿನ್ನ ತಮ್ಮ,
ಗುಮ್ಮನಗುಸಕ

ತಾ.ಕ.: ನಿನ್ನೆ ಅಪ್ಪ ಗುಂಡಿ ಹೊಲಿಯುತ್ತ, ನನ್ನ ಮುಖ ನೋಡದೆ, "ಅಲ್ಲಿ ಕತ್ತರಿಗೆ ಸಾಣೆ ಹಿಡಿಯೋರು ಯಾರಾದ್ರೂ ಇದ್ದಾರೇನೋ?" ಎಂದು ಕೇಳಿದರು. ಆ ಕೆಲಸದಲ್ಲಿ ನೀನು ಅವರನ್ನೇ ಮೀರಿಸಿದವಳು. ಅದು ನನಗೆ ಗೊತ್ತು, ಅವರಿಗೂ ಗೊತ್ತು. ಆದರೂ ಯಾರೂ ಇಲ್ಲ ಎಂದು ಬರೆ. ಬೇಗ ಬರೆ. ಸಾಣೆಕಲ್ಲು ಆಗಲೇ ಅಪ್ಪನ ಚೀಲ ಸೇರಿದೆ.