ಟಕ್ ಎನ್ನುವ ಟೋಪಿ

ಮಾರ್ಚ್ 4, ಮಧ್ಯಾಹ್ನ

ಬೆಳಿಗ್ಗೆಯಿಂದ ಪಿನ್‌ಗಳ ಸಾಣೆ. ಕಲ್ಲಿಗೆ ತಂತಿ ಕೊಡುವುದು, ತಿರುಗಿಸುವುದು, ಹೆಬ್ಬೆರಳ ಉಗುರಿನ ಮೇಲೆ ಜಾರಿಸಿ ನೋಡುವುದು. ಜಾರಿದರೆ ಮೊಂಡು. ನಿಂತರೆ ಚೂಪು. ಉಗುರೆಲ್ಲ ಗೀರು. ಈಗ ಊಟದ ಬಿಡುವು. ಚಿಕ್ಕಮ್ಮ ಕರೆದರು, ಹಸಿವಿಲ್ಲ ಎಂದೆ.

ಬರೆದುಬಿಡುತ್ತೇನೆ. ಐದು ವರ್ಷದಿಂದ ಯಾರಿಗೂ ಹೇಳಿಲ್ಲ. ಒಂಬತ್ತನೇ ಕ್ಲಾಸಿನಲ್ಲಿ ನನ್ನ ಬೆಂಚಿನವಳ ಎಡಗಣ್ಣು ಹೋದದ್ದು ಪರದೆಯ ತಂತಿ ಚುಚ್ಚಿ ಅಲ್ಲ. ನನ್ನ ಪಿನ್ ಚುಚ್ಚಿ.

ಶಾಲೆಯ ನಾಟಕ. ನನ್ನದು ಸಿರಿವಂತ ಹೆಂಗಸಿನ ಪಾತ್ರ, ಎರಡೇ ಮಾತು. ಟೋಪಿ ಜಾರುತ್ತಿತ್ತು. ಚಿಕ್ಕಪ್ಪನ ವರ್ಕ್‌ಶಾಪಿನಿಂದ ಒಂದು ಟೋಪಿಪಿನ್ ಎತ್ತಿಕೊಂಡು ಹೋಗಿದ್ದೆ. ಪಿನ್ನಿನ ತಲೆಗೆ ನೀಲಿ ಹೂವು, ಕೆಳಗೆ ಗೇಣುದ್ದ ಉಕ್ಕು. ಟೋಪಿಯ ಆಚೆ ಬದಿ ಒಂದು ಇಂಚು ಮೊನೆ ಚಾಚಿಕೊಂಡಿತ್ತು. ಪರದೆಯ ಹಿಂದೆ ಇಕ್ಕಟ್ಟು, ಕತ್ತಲು. ಅವಳ ಕಿವಿಯಲ್ಲಿ ಏನೋ ತಮಾಷೆ ಹೇಳಲು ಬಗ್ಗಿದೆ. ಅಷ್ಟೇ.

ಅವಳು ಕೂಗಿಕೊಂಡಾಗ ನಾನು ಮೊದಲು ಮಾಡಿದ್ದೇನು? ಪಿನ್ ಕಿತ್ತು ಚರಂಡಿಗೆ ಎಸೆದದ್ದು. ಆಮೇಲೆ ಅವಳನ್ನು ಹಿಡಿದುಕೊಂಡದ್ದು. ಈ ಕ್ರಮ ಮರೆಯಬಾರದು. ಏನಾಯಿತೆಂದು ಕೇಳಿದವರಿಗೆ ಪರದೆಯ ತಂತಿ ಎಂದೆ. ಪರದೆ ಕಟ್ಟಿದ್ದವರು ಡ್ರಾಯಿಂಗ್ ಮಾಸ್ತರು. ಎಲ್ಲರೂ ಅವರ ಕಡೆ ತಿರುಗಿದರು.

ಮುಂದಿನ ವಾರ ಶಾಲೆ ಬಿಟ್ಟೆ. ಲೆಕ್ಕ ತಲೆಗೆ ಹತ್ತುವುದಿಲ್ಲ ಎಂದೆ. ಅದೂ ಸುಳ್ಳು. ಲೆಕ್ಕ ಚೆನ್ನಾಗಿಯೇ ಬರುತ್ತಿತ್ತು.

ಊರಿಗೆಲ್ಲ ನಾನು ಮುಖಕ್ಕೆ ಹೊಡೆದ ಹಾಗೆ ನಿಜ ಹೇಳುವವಳು. ಥೂ.

ಮಾರ್ಚ್ 5, ಸಂಜೆ

ನಿನ್ನೆ ಅದನ್ನು ಬರೆದದ್ದಕ್ಕೆ ಕಾರಣವಿದೆ. ನಮ್ಮ ಪಿನ್ ಮಾರುವ ಟೋಪಿ ಅಂಗಡಿಯಾಕೆ ನಿನ್ನೆ ಬೆಳಿಗ್ಗೆ ಹೇಳಿಕಳಿಸಿದ್ದಾರೆ: ಮೊನೆ ಮುಚ್ಚುವ ಪಿನ್ ಬೇಕು, ಇಲ್ಲದಿದ್ದರೆ ನಿಮ್ಮ ಮಾಲೇ ಬೇಡ. ಯಾರದೋ ಮಗುವಿನ ಕೆನ್ನೆ ಹರಿದಿದೆಯಂತೆ.

ಚಿಕ್ಕಪ್ಪ ತಟ್ಟೆಯ ಮುಂದೆ ಕೂತು, "ಪಿನ್ ಅಂದ್ಮೇಲೆ ಚುಚ್ಚದೆ ಮುತ್ತಿಡುತ್ತಾ?" ಅಂದರು. ಚಿಕ್ಕಮ್ಮ ನಕ್ಕರು. ಕಿವಿಯಜ್ಜನೂ ನಕ್ಕ. ಅವನು ನಮ್ಮಲ್ಲಿ ಲೋಹಕ್ಕೆ ಆಕಾರ ಕೊಡುವ ಅಚ್ಚು ಮಾಡುವವನು. ಯಂತ್ರ ಕೆಟ್ಟರೆ ಬಿಚ್ಚಿ ನೋಡುವುದಿಲ್ಲ, ಕಿವಿಯಲ್ಲೇ ಹೇಳುತ್ತಾನೆ, ಅದಕ್ಕೇ ಆ ಹೆಸರು.

ನಾನು ಮಾಡ್ತೀನಿ ಎಂದೆ.

"ಏನು ಮಾಡ್ತೀಯ ಬುಗುರಿ?" ಚಿಕ್ಕಪ್ಪ ನನ್ನನ್ನು ಕರೆಯುವುದೇ ಹಾಗೆ.

"ಚುಚ್ಚದ ಪಿನ್."

"ಕಚ್ಚದ ನಾಯಿ, ಬೊಗಳದ ಹೆಂಡ್ತಿ, ಚುಚ್ಚದ ಪಿನ್," ಅಂದರು ಚಿಕ್ಕಪ್ಪ. "ಮೂರೂ ಸಿಕ್ಕಿದ ದಿನ ನನಗೂ ತೋರಿಸು."

ಚಿಕ್ಕಮ್ಮ ಈ ಸಲ ನಗಲಿಲ್ಲ.

ಮಾರ್ಚ್ 13

ಎಂಟು ದಿನ ಬರೆಯಲಾಗಲಿಲ್ಲ. ಹದಿನಾಲ್ಕು ಮಾದರಿ ಹಾಳು. ರಬ್ಬರಿನದು ಬಟ್ಟೆಗೆ ಅಂಟಿತು. ತಿರುಪಿನದು ಚೆನ್ನಾಗಿತ್ತು, ಆದರೆ ಕನ್ನಡಿ ಮುಂದೆ ನಿಂತು ಯಾರು ತಿರುಪು ಸುತ್ತುತ್ತಾರೆ? ಎರಡನೇ ದಿನವೇ ಟೋಪಿ ಎಲ್ಲೋ, ಪಿನ್ ಎಲ್ಲೋ.

ಟೋಪಿ ಅಂದರೆ ನಮ್ಮಲ್ಲಿ ಮೊನೆಗೆ ಹಾಕುವ ಮುಚ್ಚಳ. ಟೋಪಿಗೆ ಪಿನ್, ಪಿನ್ನಿಗೆ ಟೋಪಿ. ದಿನಕ್ಕೆ ಹತ್ತು ಸಲ ಗೊಂದಲ. "ಟೋಪಿ ಹಾಕಿದ್ಯಾ?" ಎಂದು ಚಿಕ್ಕಪ್ಪ ಕೂಗಿದರೆ ಬೀದಿಯವರು ತಿರುಗಿ ನೋಡುತ್ತಾರೆ.

ಮಾರ್ಚ್ 16, ಬೆಳಿಗ್ಗೆ

ಆಯಿತು.

ಮೊದಲು ತಂತಿಯನ್ನು ಅರ್ಧಕ್ಕೆ ಕತ್ತರಿಸಿದೆ. ಗೇಣುದ್ದ ಯಾಕೆ ಬೇಕು? ಯಾರ ತಲೆಯೂ ಅಷ್ಟು ದಪ್ಪ ಇಲ್ಲ. ಮೊನೆಯಿಂದ ಕಾಲು ಇಂಚು ಹಿಂದೆ, ತಂತಿಯ ಸುತ್ತಲೂ ಒಂದು ಸಣ್ಣ ಕಚ್ಚು. ಟೋಪಿಯೊಳಗೆ ಒಂದು ಕಡೆ ಸೀಳಿದ ಉಂಗುರ. ಒತ್ತಿದರೆ ಉಂಗುರ ಹೋಗಿ ಕಚ್ಚಿನಲ್ಲಿ ಕೂರುತ್ತದೆ. ಟಕ್. ಸುಮ್ಮನೆ ಎಳೆದರೆ ಬರುವುದಿಲ್ಲ. ಟೋಪಿಯ ಬುಡ ಹಿಂಡಿ ಎಳೆದರೆ ಮಾತ್ರ.

ಇನ್ನೂರು ಸಲ ಹಾಕಿ ತೆಗೆದೆ. ಹಾಕಿ ಜಗ್ಗಿದೆ, ನೆಲಕ್ಕೆ ಬಡಿದೆ, ಕೋಟಿಗೆ ಸಿಕ್ಕಿಸಿ ಒದರಿದೆ. ಬೀಳಲಿಲ್ಲ.

ಕಿವಿಯಜ್ಜ ಕಿವಿಯ ಹತ್ತಿರ ಹಿಡಿದು ಎರಡು ಸಲ ಟಕ್ ಅನ್ನಿಸಿದ. "ಕಚ್ಚಿದ ಶಬ್ದ ಇದು, ತಾಯಿ. ಬಡಿದ ಶಬ್ದ ಅಲ್ಲ," ಅಂದ. ಅವನ ಬಾಯಿಂದ ಅದು ಪದಕ.

ಚಿಕ್ಕಪ್ಪ ನನ್ನ ತಲೆ ಮೇಲೆ ಕೈಯಿಟ್ಟರು. ಅಪ್ಪ ಅಮ್ಮ ಹೋದ ಮೇಲೆ ಸಾಕಿದ ಕೈ.

ಮಾರ್ಚ್ 28

ಆರ್ಡರ್ ಬಂದಿದೆ. ಹನ್ನೆರಡು ಪೆಟ್ಟಿಗೆ. ನನ್ನನ್ನು ಮತ್ತೆ ಸಾಣೆಗೆ ಕೂರಿಸಿದ್ದಾರೆ. ತಂತಿ ತಿರುಗಿಸಿ ಕಚ್ಚು ಹಾಕುವ ಕೆಲಸ ಚಿಕ್ಕಮ್ಮನ ಲೇತಿಗೆ ಹೋಯಿತು. ಕೇಳಿದರೆ, "ನಿನ್ನ ಸಾಣೆ ಯಾರಿಗೆ ಬರುತ್ತೆ ಹೇಳು," ಎನ್ನುತ್ತಾರೆ ಚಿಕ್ಕಪ್ಪ. ಬೆಣ್ಣೆ ಹಚ್ಚುವಾಗ ಮಾತ್ರ ದನಿ ಅಷ್ಟು ಮೆತ್ತಗೆ.

ಪೆಟ್ಟಿಗೆಗೆ ಅಂಟಿಸುವ ಕಾರ್ಡು ಬಂತು: "ಮಕ್ಕಳಿರುವ ಮನೆಗೂ ನಿಶ್ಚಿಂತೆ. ಟಕ್ ಎಂದರೆ ಭದ್ರ." ಓದಿ ಹೆಮ್ಮೆಯಾಯಿತು. ಹೌದು, ಆಯಿತು. ಬರೆಯದೆ ಬಿಟ್ಟರೆ ಅದೂ ಸುಳ್ಳೇ.

ಮಾರ್ಚ್ 31, ನಾಲ್ಕು ಗಂಟೆ

ಕೆಲಸ ಅರ್ಧಕ್ಕೆ ಬಿಟ್ಟು ಬರೆಯುತ್ತಿದ್ದೇನೆ.

ಪೆಟ್ಟಿಗೆ ತುಂಬುವ ಮೇಜಿನಿಂದ ಒಂದು ಪಿನ್ ಎತ್ತಿದೆ. ಸುಮ್ಮನೆ, ನೋಡುವ ಆಸೆಗೆ. ಟಕ್ ಅಂದಿತು. ತಲೆಕೆಳಗೆ ಮಾಡಿದೆ. ಟೋಪಿ ಬಿತ್ತು. ಇನ್ನೊಂದು ಎತ್ತಿದೆ. ಟಕ್. ನಿಂತಿತು. ಒಂಬತ್ತನೇ ಸಲಕ್ಕೆ ಬಿತ್ತು. ಮತ್ತೊಂದು ಇಪ್ಪತ್ತಕ್ಕೆ.

ಕಚ್ಚೇ ಇಲ್ಲ. ತಂತಿ ನುಣ್ಣಗಿದೆ. ಒಳಗೆ ಉಂಗುರವೂ ಇಲ್ಲ. ಹಾಗಾದರೆ ಟಕ್ ಎಲ್ಲಿಂದ? ಟೋಪಿಯ ತುದಿಯಲ್ಲಿ ಒಂದು ಗುಳಿ ಹೊಡೆದಿದ್ದಾರೆ. ಒತ್ತಿದಾಗ ಡಬ್ಬಿಯ ಮುಚ್ಚಳದ ಹಾಗೆ ಒಳಗೆ ಹೋಗಿ ಹೊರಗೆ ಬರುತ್ತದೆ. ಟಕ್. ಬರೀ ಶಬ್ದ. ಹಿಡಿಯುವುದಕ್ಕೆ ಏನೂ ಇಲ್ಲ.

ಚಿಕ್ಕಪ್ಪನ ಮುಂದೆ ಹಿಡಿದೆ.

"ಕಚ್ಚು ಎಲ್ಲಿ?"

"ಕೂತ್ಕೋ ಮೊದಲು."

"ಕಚ್ಚು ಎಲ್ಲಿ ಅಂತ ಕೇಳಿದೆ."

"ಒಂದೊಂದಕ್ಕೆ ಕಚ್ಚು ಹಾಕ್ತಾ ಕೂತರೆ ಹತ್ತನೇ ತಾರೀಖಿಗೆ ಹನ್ನೆರಡು ಪೆಟ್ಟಿಗೆ ನಿಮ್ಮಜ್ಜ ಬಂದು ಕೊಡ್ತಾನಾ? ಟೋಪಿ ಇದೆ. ಟಕ್ ಅನ್ನುತ್ತೆ. ಮೊದಲು ಏನೂ ಇರಲಿಲ್ಲ, ಈಗ ಇಷ್ಟಿದೆ. ಇಲ್ಲದ್ದಕ್ಕಿಂತ ಮೇಲಲ್ವಾ?"

ಇಲ್ಲದ್ದಕ್ಕಿಂತ ಕೀಳು ಎಂದೆ. ಬರಿಯ ಮೊನೆಗೆ ಜನ ಹೆದರುತ್ತಾರೆ, ಹೆದರಿದವರು ಎತ್ತರದಲ್ಲಿ ಇಡುತ್ತಾರೆ. ಟಕ್ ಅಂದ ಪಿನ್ನನ್ನು ಮಗುವಿನ ಟೋಪಿಗೇ ಚುಚ್ಚುತ್ತಾರೆ. ನೀವು ಪಿನ್ನಿಗಲ್ಲ ಟೋಪಿ ಹಾಕಿದ್ದು, ಗಿರಾಕಿಗೆ.

ಚಿಕ್ಕಪ್ಪ ನಕ್ಕರು. ನಿಜವಾಗಿಯೂ ನಕ್ಕರು. ಮಾತು ಚೆನ್ನಾಗಿದೆ ಎಂದರು. ಆಮೇಲೆ: "ಅಷ್ಟಕ್ಕೂ ನಿನಗೇನು ಅಷ್ಟು ಉರಿ? ನಿನ್ನ ಮನೇಲಿ ಯಾರ ಕಣ್ಣು ಹೋಗಿದೆ?"

ಎದ್ದು ಬಂದೆ.

ಏಪ್ರಿಲ್ 1

ಕಿವಿಯಜ್ಜನನ್ನು ಕೇಳಿದೆ. ಗುಳಿ ಹೊಡೆಯುವ ಅಚ್ಚು ಮಾಡಿದ್ದು ಅವನೇ.

"ಕಚ್ಚಿದ ಶಬ್ದ, ಬಡಿದ ಶಬ್ದ ಅಂತ ದೊಡ್ಡ ಭಾಷಣ ಮಾಡಿದ್ಯಲ್ಲ ಅಜ್ಜ. ಇದು ಯಾವ ಶಬ್ದ?"

ಅರದಿಂದ ಅಚ್ಚು ಉಜ್ಜುತ್ತಲೇ ಇದ್ದ. ತಲೆ ಎತ್ತಲಿಲ್ಲ. "ಸುಳ್ಳು ಶಬ್ದ," ಅಂದ. "ಕಚ್ಚಿದ ಹಾಗೇ ಕೇಳೋ ಹಾಗೆ ಮಾಡು ಅಂದರು ನಿಮ್ಮ ಚಿಕ್ಕಪ್ಪ. ಮೂರು ದಿನ ಹಿಡೀತು, ತಾಯಿ. ಅದೇನು ಸುಲಭದ ಕೆಲಸ ಅಂದ್ಕೊಂಡ್ಯಾ?"

ಕಚ್ಚು ಹಾಕಲು ಸಮಯವಿಲ್ಲ. ಸುಳ್ಳು ಶಬ್ದ ಹುಟ್ಟಿಸಲು ಮೂರು ದಿನ. ಆ ಸುಳ್ಳಿನ ಬಗ್ಗೆ ಅವನ ದನಿಯಲ್ಲಿ ಕಸುಬುದಾರನ ಹೆಮ್ಮೆ ಬೇರೆ. ಇದನ್ನು ಬರೆಯುವಾಗಲೂ ಹಲ್ಲು ಕಡಿಯುತ್ತಿದ್ದೇನೆ.

ಚಿಕ್ಕಮ್ಮ ಲೇತಿನ ಹಿಂದಿನಿಂದ, "ಬಿಡು ಮಗಳೇ. ಅವರ ಕೆಲಸ, ಅವರ ಹೊಣೆ," ಅಂದರು. ನಿಮ್ಮ ಲೇತ್ ನಾಲ್ಕು ದಿನದಿಂದ ತಿರುಗಿಲ್ಲ ಚಿಕ್ಕಮ್ಮ, ಮೇಲೆ ಬಟ್ಟೆ ಹೊದಿಸಿದ್ದೀರಿ, ನಿಮಗೂ ಗೊತ್ತಿತ್ತು ಎಂದೆ. ಹೊದಿಸಿದ ಬಟ್ಟೆಯ ಅಂಚು ಸರಿಮಾಡಿದರು.

ಟೋಪಿ ಅಂಗಡಿಗೆ ಹೋಗಬೇಕು. ಒಂದು ಸುಳ್ಳನ್ನು ಕಂಕುಳಲ್ಲಿ ಇಟ್ಟುಕೊಂಡು ಇನ್ನೊಬ್ಬರ ಸುಳ್ಳನ್ನು ಹೇಗೆ ಬೀದಿಗೆಳೆಯಲಿ?

ಏಪ್ರಿಲ್ 3, ಸಂಜೆ

ಹೋದೆ. ಮೊದಲು ಬೆಂಚಿನವಳ ಹತ್ತಿರ.

ಜೆರಾಕ್ಸ್ ಅಂಗಡಿಯಲ್ಲಿದ್ದಾಳೆ. ಡಿಗ್ರಿ ಓದುತ್ತಿದ್ದಾಳಂತೆ. ನನ್ನನ್ನು ನೋಡಲು ಇಡೀ ಮುಖ ತಿರುಗಿಸಿದಳು — ಆ ಕಡೆಯಿಂದ ಕಾಣುವುದಿಲ್ಲವಲ್ಲ. ಅವಳು ಕಾಗದ ಜೋಡಿಸುತ್ತಿದ್ದಳು. ನಾನು ನಿಂತೇ ಹೇಳಿದೆ. ಟೋಪಿ, ಪಿನ್, ಚರಂಡಿ, ಎಲ್ಲ.

ಬೈಯುತ್ತಾಳೆ ಎಂದುಕೊಂಡಿದ್ದೆ. ಹೊಡೆಯಲಿ ಎಂದೂ ಅಂದುಕೊಂಡಿದ್ದೆ. ಯಂತ್ರ ನಿಲ್ಲಿಸಿದಳು.

"ಮಾಸ್ತರಿಗೆ ಹೇಳಿದ್ಯಾ?"

"ಇಲ್ಲ."

"ಐದು ವರ್ಷ ಅವರು ಎದುರು ಸಿಕ್ಕಿದಾಗ ನಾನು ಮುಖ ತಿರುಗಿಸ್ಕೊಂಡು ಹೋಗಿದೀನಿ ಕಣೇ. ನಮ್ಮಮ್ಮ ಶಾಲೆಗೇ ಹೋಗಿ ಎಲ್ಲರ ಮುಂದೆ ಅವರಿಗೆ ಬೈದು ಬಂದಿದಾಳೆ. ಗೊತ್ತಾ ನಿನಗೆ?"

ಗೊತ್ತಿತ್ತು. ಅದಕ್ಕೇ ಹೇಳಿರಲಿಲ್ಲ. ಅದನ್ನೂ ಹೇಳಿದೆ.

"ಕಣ್ಣು ಹೋದವಳು ನಾನು. ಶಾಲೆಗೆ ಹೋದೆ. ನಿನಗೇನು ದಾಡಿ ಆಗಿತ್ತು ಬಿಟ್ಟು ಓಡೋಕೆ?" ಫೋನ್ ತೆಗೆದಳು. ಯಾರ ಹತ್ತಿರವೋ ನಂಬರ್ ಕೇಳಿದಳು, ಒತ್ತಿದಳು, ನನ್ನ ಕೈಗೆ ತುರುಕಿದಳು. "ಮಾತಾಡು. ನಾನು ಕೇಳಿಸ್ಕೋಬೇಕು."

ಮಾತಾಡಿದೆ. ಆಮೇಲೆ ಮಾಸ್ತರು, "ಆ ತಂತಿಗಳ ತುದಿಯನ್ನೆಲ್ಲ ನಾನೇ ಮಡಚಿದ್ದೆನಮ್ಮ. ಒಂದೊಂದನ್ನೂ ಕೈಯಾಡಿಸಿ ನೋಡಿದ್ದೆ. ಆದರೂ ಎಲ್ಲರೂ ಹೇಳುವಾಗ, ಒಂದು ಬಿಟ್ಟುಹೋಗಿರಬಹುದು ಅನ್ನಿಸಿಬಿಟ್ಟಿತು," ಅಂದರು. ಫೋನ್ ಇಟ್ಟುಬಿಟ್ಟರು.

ಗೆಳತಿ ಫೋನ್ ವಾಪಸ್ ತೆಗೆದುಕೊಂಡಳು. "ಇನ್ನು ಹೋಗು," ಅಂದಳು. "ಮತ್ತೆ ಬರಬೇಡ ಅನ್ನಲ್ಲ. ಇವತ್ತು ಹೋಗು."

ಏಪ್ರಿಲ್ 4, ಮಧ್ಯಾಹ್ನ

ಟೋಪಿ ಅಂಗಡಿ. ಎಂಟು ಪೆಟ್ಟಿಗೆ ಆಗಲೇ ಅಲ್ಲಿ. ಗಾಜಿನ ಕಪಾಟಿನಲ್ಲಿ ನಮ್ಮ ಪಿನ್‌ಗಳು ಸಾಲಾಗಿ, ಕಾರ್ಡಿನ ಸಮೇತ.

ಎರಡು ಪಿನ್ ಮೇಜಿನ ಮೇಲಿಟ್ಟೆ. ಒಂದು ನನ್ನ ಮಾದರಿ, ಒಂದು ಅವರ ಕಪಾಟಿನದು. ಅಂಗಡಿಯಾಕೆ ಎರಡನ್ನೂ ಒತ್ತಿ ನೋಡಿದರು.

"ಎರಡೂ ಒಂದೇ ಥರ ಕೇಳುತ್ತಲ್ಲಮ್ಮ."

"ಕೇಳುತ್ತೆ. ಹಾಕಿ ತೆಗೀತಾ ಇರಿ. ಎಣಿಸಿ."

ಸುಮ್ಮನೆ ಹಾಕುತ್ತ ತೆಗೆಯುತ್ತ ನಿಂತರು, ನಡುವೆ ಒಬ್ಬ ಗಿರಾಕಿಯನ್ನೂ ಕಳಿಸಿದರು. ಹದಿನೇಳಕ್ಕೆ ಕಪಾಟಿನ ಪಿನ್ನಿನ ಟೋಪಿ ಉರುಳಿ ಮೇಜಿನಿಂದ ಕೆಳಗೆ ಬಿತ್ತು. ಬರಿಯ ಮೊನೆ ಅವರ ಬೆರಳ ಪಕ್ಕದಲ್ಲಿ. ಅದನ್ನೇ ನೋಡುತ್ತಿದ್ದರು.

"ನೀನು ಯಾರ ಕಡೆಯವಳು?"

"ಇದನ್ನ ಮಾಡಿದವರ ಮನೆಯವಳು. ಮೊನೆ ಸಾಣೆ ಹಿಡಿದದ್ದು ನಾನೇ."

"ಮನೆಯವರು ಕಳಿಸಿದ್ರಾ?"

"ಇಲ್ಲ."

ಕಪಾಟಿನ ಬೀಗ ತೆಗೆದರು. ಒಂದೊಂದೇ ತಟ್ಟೆ ಹೊರಗೆ ತೆಗೆದು ಪೆಟ್ಟಿಗೆಗೆ ಸುರಿದರು. ನಿನ್ನೆ ಸಂಜೆ ಮೂರು ಮಾರಿದ್ದೇನೆ ಎಂದರು. ಅವರೆಲ್ಲ ಗೊತ್ತಿರುವವರು, ಮನೆಗೆ ಹೋಗಿ ತರುತ್ತೇನೆ ಎಂದು ಚಪ್ಪಲಿ ಮೆಟ್ಟಿದರು.

ಏಪ್ರಿಲ್ 5

ಎಂಟೂ ಪೆಟ್ಟಿಗೆ ವಾಪಸ್. ಜೊತೆಗೆ ಒಂದು ಚೀಟಿ: ಇಪ್ಪತ್ತನೇ ತಾರೀಖಿನೊಳಗೆ ಕಚ್ಚು ಹಾಕಿ ಕೊಟ್ಟರೆ ಸರಿ, ಇಲ್ಲವಾದರೆ ಇನ್ನು ಮುಂದೆ ಬರಬೇಡಿ.

ಚಿಕ್ಕಪ್ಪ ಕೂಗಾಡಲಿಲ್ಲ. ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಚೀಟಿ ಮಡಚುತ್ತ, "ಉಂಡ ಮನೆಗೆ ಎರಡು ಬಗೆದೆಯಲ್ಲ," ಅಂದರು.

"ಉಂಡದ್ದಕ್ಕೇ ಹೇಳಿದ್ದು. ನಾಳೆ ಒಂದು ಮಗುವಿನ ಕಣ್ಣು ಹೋದರೆ ಅದೂ ಈ ಮನೆಯ ಅನ್ನದ ಲೆಕ್ಕಕ್ಕೇ ಬರುತ್ತೆ."

"ನನ್ನ ಹತ್ತಿರ ಬಂದು ಜಗಳ ಆಡಬಹುದಿತ್ತು."

"ಆಡಿದೆ. ನೀವು ನಕ್ಕಿರಿ."

ಚೀಟಿಯನ್ನು ಇನ್ನೂ ಸಣ್ಣಗೆ ಮಡಚಿದರು. ಕಣ್ಣು ಕೆಂಪಾಗಿತ್ತು. ನನ್ನ ಮನೇಲಿ ಯಾರ ಕಣ್ಣು ಹೋಗಿದೆ ಅಂತ ಕೇಳಿದಿರಲ್ಲ, ಹೇಳುತ್ತೇನೆ ಎಂದೆ. ಹೇಳಿದೆ. ನೀಲಿ ಹೂವಿನ ಪಿನ್ ಎಂದಾಗ ಚಿಕ್ಕಮ್ಮ ಗೋಡೆ ಹಿಡಿದರು.

ಚಿಕ್ಕಪ್ಪ ಚೀಟಿಯನ್ನು ಜೇಬಿಗಿಟ್ಟರು. ಆಮೇಲೆ, "ಈ ಕಚ್ಚಿನ ಕೆಲಸ ಮುಗಿದ ಮೇಲೆ ಬೇರೆ ಕಡೆ ನೋಡ್ಕೋ. ಒಂದೇ ಸೂರಿನ ಕೆಳಗೆ ನಿನ್ನ ಮುಖ ನಾನು, ನನ್ನ ಮುಖ ನೀನು ನೋಡ್ಕೊಂಡು ಇರೋದು ಆಗಲ್ಲ," ಅಂದರು.

ಆಗಲಿ ಎಂದೆ. ಕೆಲಸ ಮುಗಿಸಿಯೇ ಹೋಗುತ್ತೇನೆ.

ಏಪ್ರಿಲ್ 11

ಈಗ ಲೇತಿನ ಮುಂದೆ ನಾನು. ಕಚ್ಚಿನ ಆಳ ಒಂದು ಕೂದಲು ಹೆಚ್ಚಾದರೆ ತಂತಿ ಮುರಿಯುತ್ತದೆ, ಕಡಿಮೆಯಾದರೆ ಹಿಡಿಯುವುದಿಲ್ಲ. ಇಷ್ಟು ಬೇಗ ನನ್ನ ಹಾಗೆ ಯಾರಿಗೂ ಬರುವುದಿಲ್ಲ. ಜಂಬ ಅಲ್ಲ, ನಿಜ.

ಚಿಕ್ಕಪ್ಪ ಉಂಗುರ ಸೀಳುತ್ತಾರೆ. ಅವರ ಮೇಜಿನಿಂದ ನನ್ನ ಮೇಜಿಗೆ ತಟ್ಟೆ ಬರುತ್ತದೆ, ಹೋಗುತ್ತದೆ. ಮೊನ್ನೆ ಒಂದು ತಟ್ಟೆ ತಪ್ಪಾಗಿತ್ತು, ಹಿಂದಕ್ಕೆ ತಳ್ಳಿದೆ. ಮರುಮಾತಿಲ್ಲದೆ ಮತ್ತೆ ಸೀಳಿದರು.

ಸಿಟ್ಟು ಇಳಿದಿಲ್ಲ. ಇಳಿಯುತ್ತದೆ ಎಂದು ಕಾಯುತ್ತಲೂ ಇಲ್ಲ. ಅವರ ಕೆಮ್ಮು ಕೇಳಿದರೆ ಎದ್ದು ನೀರು ಕೊಡಬೇಕು ಅನ್ನಿಸುತ್ತದೆ. ಕೊಡುತ್ತೇನೆ. ಲೋಟ ಕುಕ್ಕಿ ಇಡುತ್ತೇನೆ.

ಏಪ್ರಿಲ್ 18, ಸಂಜೆ

ಹನ್ನೆರಡನೇ ಪೆಟ್ಟಿಗೆ ಮುಗಿಯಿತು. ಪ್ರತಿ ಪೆಟ್ಟಿಗೆಯಿಂದ ಐದು ತೆಗೆದು ಇನ್ನೂರು ಸಲ ಜಗ್ಗಿದೆ. ಒಂದೂ ಬೀಳಲಿಲ್ಲ.

ಪಕ್ಕದೂರಿನ ಅಚ್ಚಿನ ವರ್ಕ್‌ಶಾಪಿಗೆ ಕಿವಿಯಜ್ಜ ಹೇಳಿದ್ದಾನೆ. ಕೆಲಸ ನೋಡಿ ಇಟ್ಟುಕೊಳ್ಳುತ್ತಾರಂತೆ. ಚಿಕ್ಕಮ್ಮ ನನ್ನ ಬಟ್ಟೆ ಮಡಚುತ್ತಿದ್ದಾರೆ, ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದಾರೆ. ಚಿಕ್ಕಪ್ಪ ಬಾಗಿಲಲ್ಲಿ ಬಂದು ನಿಂತು, "ಬಸ್ಸು ಎಷ್ಟಕ್ಕೆ?" ಎಂದು ಕೇಳಿದರು. ಬೆಳಿಗ್ಗೆ ಆರೂವರೆ ಎಂದೆ.

ನಾಳೆ ಹೊರಡುತ್ತೇನೆ.