ಬಿಡಿಸದೆ ಬಿಟ್ಟ ಗಂಟು

ಖೂಬಾ ಪ್ಲಾಟ್, ಗುಲಬರ್ಗಾ
೧೨-೮-೯೧

ಕಮಲಾಪುರದ ಅವ್ವನಿಗೆ ಶರಣು.

ಜ್ವರ ಬಿಟ್ಟಿದೆ, ಊಟ ಸೇರುತ್ತಿದೆ. ಮಲಗಿದ್ದಷ್ಟು ದಿನ ತಲೆ ಬಾಚದೆ ಕತ್ತಿನ ಹಿಂದೆ ಕೂದಲು ಗಂಟಾಗಿದೆ. ಹಾಸ್ಟೆಲಿನ ಅಡುಗೆಯ ಬಂಡೆಮ್ಮ ನೋಡಿದವಳೇ ಭಂಡಾರದ ಅರಿಶಿನ ಹಚ್ಚಿ ಕೈಮುಗಿದಳು. "ಬಿಡಿಸಬ್ಯಾಡ ತಂಗಿ, ಎಲ್ಲಮ್ಮ ಜಡಿ ಕೊಟ್ಟಾಳ. ಹಂಗೇ ಬೆಳಸು" ಅಂದಳು. ಮೊಳ ಮಲ್ಲಿಗೆಯೂ ನಿಲ್ಲದೆ ಜಾರುತ್ತದೆಂದು ನೀನು ಬೈಯುತ್ತಿದ್ದ ಈ ನುಣುಪು ಕೂದಲಿಗೆ ದೇವಿಯ ಜಡೆ ಎಲ್ಲಿಂದ ಬರಬೇಕು? ಆದರೂ ಗೆಳತಿಯರು ಬಾಚಣಿಗೆ ಹಚ್ಚಲು ಅಂಜುತ್ತಾರೆ. ಬೆಳೆಸಲೋ ಬಿಡಿಸಲೋ ನನಗೂ ತಿಳಿಯದು. ಇಲ್ಲಿಗೆ ಬಂದ ಮೇಲೆ ನನ್ನ ತಲೆಯನ್ನು ಯಾರೂ ಮುಟ್ಟಿರಲಿಲ್ಲ. ಬಂಡೆಮ್ಮನ ಕೈ ನಿನ್ನ ಕೈಯ ಹಾಗೇ ಒರಟು, ಅಳು ಬಂತು.

ಕಾರ್ಡಿನಲ್ಲಿ ಜಾಗ ಮುಗಿಯಿತು. ಭಾನುವಾರ ನೀನೇ ಬಂದು ಬಿಡಿಸು. ಎಣ್ಣೆ ಇದೆ, ಬಾಚಣಿಗೆ ಬೇಡ, ನಿನ್ನ ಬೆರಳು ಸಾಕು.

ನಿನ್ನ ಕಾಶಿ