ಕಣ್ಣಿಗೆ ಮಂದವಾದ ಕೆಂಪು

ಹಿಂಬದಿಯ ಮನೆ, ಕೆಳಮಹಡಿ
ಫೆಬ್ರವರಿ ೨೨, ಶನಿವಾರ ಬೆಳಿಗ್ಗೆ

ಪ್ರೀತಿಯ ಮಗಳೇ,

(ಸೊಸೆ ಎಂದು ಬರೆದರೆ ನಿನ್ನತ್ತೆ ಪೆನ್ನು ಕಿತ್ತುಕೊಳ್ಳುತ್ತಾಳೆ.) ಹೇಗಿದ್ದೀಯಮ್ಮ? ಕೆಮ್ಮು ನಿಂತಿತೇ? ದಿನವಿಡೀ ಸೀಮೆಸುಣ್ಣದ ಧೂಳು ಕುಡಿಯುವವಳು ಬಿಸಿನೀರನ್ನಾದರೂ ಕುಡಿಯಬಾರದೇ ಎಂದು ನಿನ್ನತ್ತೆ ಕೇಳಲು ಹೇಳಿದ್ದಾಳೆ. ಅವಳ ಮಂಡಿನೋವು ಹಾಗೇ ಇದೆ. ನನಗೆ ಬರುವ ರೋಗ ಯಾವುದೂ ಇಲ್ಲ, ಇರುವುದು ಬುದ್ಧಿಯ ರೋಗ ಒಂದೇ ಎನ್ನುತ್ತಾಳೆ. ಈ ಪತ್ರ ಓದಿ ಮುಗಿಸುವಾಗ ನೀನೂ ಹಾಗೇ ಅನ್ನುತ್ತೀಯ.

ನಿನ್ನ ಪತ್ರ ಬಂದು ಇಪ್ಪತ್ತು ದಿನವಾಯಿತು. ನಿಮ್ಮ ಶಾಲೆಯ ಡ್ರಾಯಿಂಗ್ ಮೇಷ್ಟ್ರು ಮದುವೆಯ ಮಾತೆತ್ತಿದ್ದು, ‘ನಮ್ಮ ಮಾವ ಬೆಳೆಸ್ತಿರೋ ಗಿಡ ಮೊದಲ ಹಣ್ಣು ಬಿಡ್ಲಿ, ಆಮೇಲೆ ಹೇಳ್ತೀನಿ’ ಎಂದು ನೀನು ಅವರಿಗೆ ಅಂದದ್ದು, ಎಲ್ಲ ಓದಿದೆ. ನೀನು ಬರೆದದ್ದು ನಾಲ್ಕೇ ಸಾಲು, ನಾನು ಓದಿದ್ದು ನಲವತ್ತು ಸಲ. ಅದಕ್ಕೆ ಉತ್ತರ ಕೊಡುವ ಮುಂಚೆ ಗಿಡದ ಕಥೆ ಹೇಳಬೇಕು. ಯಾಕೆಂದರೆ ಹೋದ ಎರಡು ಪತ್ರಗಳಲ್ಲಿ ನಾನು ಬರೆದದ್ದು ಸುಳ್ಳು. ಗಿಡ ಮೊಣಕಾಲೆತ್ತರ ಬಂದಿಲ್ಲ. ಮೊಗ್ಗೂ ಕಾಣಿಸಿಲ್ಲ. ಗಿಡವೇ ಇಲ್ಲ.

ನೀನು ಶಾಲೆಯ ಕೆಲಸಕ್ಕೆಂದು ಆ ಊರಿಗೆ ಹೊರಡುವ ದಿನ ನನ್ನ ಕೈಗಿಟ್ಟ ಆ ಸಣ್ಣ ಕವರಿನಲ್ಲಿ ಹನ್ನೊಂದು ಬೀಜ ಇದ್ದವು. ಮೇಲೆ ನಮ್ಮ ಹುಡುಗನದೇ ಅಕ್ಷರ: ‘ಸಿಹಿ. ತೊಟ್ಟಿ ಪಕ್ಕದ್ದು.’ ಹಳೆ ಮನೆಯ ಮಾಳಿಗೆಯಲ್ಲಿ ಆರು ವರ್ಷ, ಪ್ರತಿ ವರ್ಷ ಎಲ್ಲಕ್ಕಿಂತ ಸಿಹಿಯಾದ ಒಂದು ಟೊಮೆಟೊ ಆರಿಸಿ, ಅದರ ಬೀಜ ಮಾತ್ರ ಎತ್ತಿಟ್ಟು ಮಾಡಿದ ತಳಿ. ಆ ಒಂದು ಹಣ್ಣನ್ನು ನಮಗೆ ಮುಟ್ಟಲೂ ಬಿಡುತ್ತಿರಲಿಲ್ಲ, ನೆನಪಿದೆಯಲ್ಲ? ಮೂರು ದಿನದ ಜ್ವರದಲ್ಲಿ ನಮ್ಮ ಮಗ, ನಿನ್ನ ಗಂಡ, ಹೊರಟುಹೋದ. ಆ ಮಾಳಿಗೆಯ ಮೆಟ್ಟಿಲು ನೋಡಿಕೊಂಡು ಬದುಕಲಾರೆನೆಂದು ನಿನ್ನತ್ತೆ ಹಟ ಹಿಡಿದಳು. ಹಾಗೆ ಈ ಮನೆಗೆ ಬಂದೆವು. ಇಲ್ಲಿ ಇರುವುದು ಎರಡೇ ಕಿಟಕಿ. ಎರಡೂ ಪಕ್ಕದ ಗೋಡೆಗೆ ಮುಖ ಮಾಡಿವೆ. ಬಿಸಿಲು ಎಂಬುದನ್ನು ಹೊರಗೆ ಹೋಗಿ ನೋಡಿಕೊಂಡು ಬರಬೇಕು.

‘ಎರಡಾದ್ರೂ ಉಳಿಸ್ಕೊಳ್ಳಿ ಮಾವ’ ಎಂದು ನೀನು ಹೇಳಿದ್ದೆ. ನಾನು ಹನ್ನೊಂದನ್ನೂ ಹಾಕಿದೆ. ಹಳೆಯ ಬೀಜ, ಎಲ್ಲ ಹಾಕಿದರೆ ಒಂದಾದರೂ ಬಂದೀತು ಎಂಬ ಲೆಕ್ಕ. ಒಂಬತ್ತು ಮೊಳೆತವು. ಆ ದಿನ ನಿನ್ನತ್ತೆ, ಅವನು ಹೋದ ಈ ಎರಡು ವರ್ಷದಲ್ಲಿ ಮೊದಲ ಸಲ, ಸಕ್ಕರೆ ಜಾಸ್ತಿ ಹಾಕಿ ಕಾಫಿ ಮಾಡಿದಳು. ಆಮೇಲೆ ಒಂದು ಮಾತು ಅಂದಳು: ‘ಮೇಲಿನ ಮನೆಯವ್ರಿಗೆ ಮಾಳಿಗೆ ಇದೆ, ಬಿಸಿಲೂ ಇದೆ, ಕೇಳಿ ಅಲ್ಲಿಡಿ.’ ಚಿನ್ನದಂಥ ಮಾತು. ನಾನು ಕೇಳಲಿಲ್ಲ. ನಮ್ಮ ಹುಡುಗನ ಗಿಡವನ್ನು ಇನ್ನೊಬ್ಬರ ಮಾಳಿಗೆಗೆ ಕೊಡುವುದೇ? ನಲವತ್ತು ವರ್ಷ ಟಾರ್ಚು, ಎಮರ್ಜೆನ್ಸಿ ಲ್ಯಾಂಪು ರಿಪೇರಿ ಮಾಡಿದವನು ಒಂಬತ್ತು ಸಸಿಗೆ ಬೆಳಕು ಕೊಡಲಾರೆನೇ ಎಂದು ಬೀಗಿದೆ.

ಮೊದಲು ನನ್ನ ಅಂಗಡಿಯಲ್ಲಿ ಬಿದ್ದಿದ್ದ ಬಿಳಿ ಎಲ್‌ಇಡಿ ಚಿಪ್‌ಗಳನ್ನೇ ಜೋಡಿಸಿದೆ. ಕಣ್ಣು ಕುಕ್ಕುವ ಬೆಳಕು. ಶಾಖ ತಗುಲೀತೆಂದು ಹೆದರಿ ಸೂರಿಗೇ ಕಟ್ಟಿದೆ. ಸಸಿಗಳು ಬೆಳಕು ಸಾಲದೆ ದಾರದ ಹಾಗೆ ಉದ್ದವಾದವು. ಒಂದು ವಾರದಲ್ಲಿ ಮೂರು ಮುರಿದು ಬಿದ್ದವು. ಆಗ ಎಲೆಕ್ಟ್ರಾನಿಕ್ಸ್ ಬಿಡಿಭಾಗದ ಅಂಗಡಿಯವನ ಹತ್ತಿರ ಓಡಿದೆ. ಅವನು ಗಿಡಕ್ಕೆಂದೇ ಮಾಡಿದ ಚಿಪ್‌ಗಳು ಬೇರೆ ಇವೆ ಎಂದು ಅವನ್ನು ಕೂರಿಸಿದ್ದ ನಕ್ಷತ್ರದ ಆಕಾರದ ಅಲ್ಯೂಮಿನಿಯಂ ಬಿಲ್ಲೆಗಳನ್ನು ತೆಗೆದಿಟ್ಟ. ಹನ್ನೆರಡು ಕಡುಗೆಂಪು, ನಾಲ್ಕು ನೀಲಿ. ‘ಅರ್ಧ ಕರೆಂಟಲ್ಲೇ ಉರಿಸಿ ಯಜಮಾನ್ರೇ, ಸಸಿ ಚಿಕ್ಕವು’ ಎಂದು ಎರಡು ಸಲ ಹೇಳಿದ. ನಾನು ತಲೆಯಾಡಿಸಿದೆ. ನನಗೆ ಎಲ್‌ಇಡಿ ಪಾಠ ಹೇಳಲು ಬಂದ ಎಂದು ಮನಸ್ಸಿನಲ್ಲೇ ನಕ್ಕೆ.

ಮಾಡಿದ್ದು ಮಾತ್ರ ಚೆಂದವಾಗಿತ್ತಮ್ಮ. ದಪ್ಪ ಅಲ್ಯೂಮಿನಿಯಂ ಪಟ್ಟಿ, ಮೇಲೆ ಹಳೆ ಕಂಪ್ಯೂಟರಿನ ಫ್ಯಾನು, ಒಂದೊಂದು ಬೆಸುಗೆಯೂ ಮುತ್ತು. ಆದರೆ ಸ್ವಿಚ್ಚು ಹಾಕಿದರೆ ಆ ಕೆಂಪು ಮಂಕಾಗಿತ್ತು. ನನ್ನ ಪದ್ಧತಿ ನಿನಗೆ ಗೊತ್ತು. ಯಾವ ಟಾರ್ಚು ಬಂದರೂ ಅಂಗೈ ಮೇಲೆ ಬೆಳಕು ಬಿಟ್ಟು ನೋಡುತ್ತೇನೆ. ರೇಖೆ ಎಣಿಸುವ ಹಾಗಿದ್ದರೆ ಸರಿ, ಇಲ್ಲದಿದ್ದರೆ ರೆಸಿಸ್ಟರ್ ಬದಲಿಸಿ ಕರೆಂಟು ಏರಿಸುತ್ತೇನೆ. ಮೀಟರನ್ನು ನಂಬಿದವನಲ್ಲ, ಕಣ್ಣನ್ನು ನಂಬಿದವನು. ಈ ಕೆಂಪಿನಲ್ಲಿ ಅಂಗೈ ರೇಖೆ ಸರಿಯಾಗಿ ಕಾಣಲಿಲ್ಲ. ಅಂಗಡಿಯವನು ಕಳಪೆ ಮಾಲು ಕಟ್ಟಿದ ಎಂದು ಬೈದುಕೊಂಡೆ. ಕರೆಂಟನ್ನು ಎರಡರಷ್ಟು ಮಾಡಿದೆ. ಆಗಲೂ ಸಮಾಧಾನವಾಗದೆ ದೀಪವನ್ನು ಸಸಿಗಳ ತಲೆಯಿಂದ ಒಂದು ಗೇಣಿಗೆ ಇಳಿಸಿದೆ.

ಮೂರನೆಯ ದಿನ ತುದಿಯ ಎಲೆಗಳು ಬೆಳ್ಳಗಾದವು. ಬೆಳಕು ಸಾಲದೆ ಬಿಳಿಚಿಕೊಂಡವು ಎಂದುಕೊಂಡೆ. ದಿನಕ್ಕೆ ಹನ್ನೆರಡು ಗಂಟೆ ಉರಿಸುತ್ತಿದ್ದವನು ಹದಿನೆಂಟು ಗಂಟೆ ಉರಿಸಿದೆ. ನಿನ್ನತ್ತೆ ಮಂಡಿ ಹಿಡಿದುಕೊಂಡು ಪಕ್ಕದಲ್ಲಿ ನಿಂತು, ‘ಸಾಕು ಬಿಡ್ರೀ, ಅವಕ್ಕೂ ಕಣ್ಣು ಮುಚ್ಚೋಕೆ ಹೊತ್ತು ಬೇಕು’ ಅಂದಳು. ಅವಳಿಗೆ ಗೊತ್ತಿದ್ದಷ್ಟೂ ನನಗೆ ಗೊತ್ತಿರಲಿಲ್ಲ. ಎಂಟನೆಯ ದಿನಕ್ಕೆ ಆರೂ ಸಸಿಗಳು ಕಾಗದದ ಹಾಗಾಗಿ ಮಡಚಿಕೊಂಡವು. ಚಿಪ್‌ಗಳಿಗೆ ಮಾತ್ರ ಏನೂ ಆಗಲಿಲ್ಲ. ಅವು ಬಿಸಿಯಾಗದಂತೆ ಅಷ್ಟು ಚೆನ್ನಾಗಿ ನೋಡಿಕೊಂಡಿದ್ದೆ.

ಒಣಗಿದ ಒಂದು ಎಲೆಯನ್ನು ಜೇಬಿನಲ್ಲಿಟ್ಟುಕೊಂಡು ಜಗಳಕ್ಕೆಂದೇ ಅವನ ಅಂಗಡಿಗೆ ಹೋದೆ. ಅವನು ಎಲೆ ನೋಡಿದ, ನಾನು ಬದಲಿಸಿದ ರೆಸಿಸ್ಟರ್ ಯಾವುದೆಂದು ಕೇಳಿದ. ಆಮೇಲೆ ಕುರ್ಚಿ ಎಳೆದು ನನ್ನನ್ನು ಕೂರಿಸಿದ. ‘ಈ ಕೆಂಪು ನಮ್ಮ ಕಣ್ಣಿಗಲ್ಲ ಯಜಮಾನ್ರೇ, ಎಲೆಗೆ. ನಮಗೆ ಮಂದ ಕಂಡಾಗ್ಲೇ ಅದಕ್ಕೆ ನಡುಮಧ್ಯಾಹ್ನ’ ಅಂದ. ಬೈದಿದ್ದರೆ ಚೆನ್ನಾಗಿತ್ತು. ಮೆತ್ತಗೆ ಹೇಳಿದ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಮನೆಗೆ ಬಂದು ಕವರನ್ನು ಬಿಚ್ಚಿ, ಮೂಲೆಮೂಲೆಯನ್ನೂ ಬೆರಳಿನಿಂದ ತಡವಿದೆ. ಒಂದು ಬೀಜವೂ ಅಂಟಿಕೊಂಡಿರಲಿಲ್ಲ.

ಮಗಳೇ, ಅವನನ್ನು ಒಮ್ಮೆ ಜ್ವರ ಕೊಂದಿತು. ಉಳಿದಿದ್ದಷ್ಟನ್ನೂ ನಾನು ಕೈಯಾರೆ ಸುಟ್ಟೆ. ಹತ್ತು ದಿನದಿಂದ ನನ್ನ ಅಂಗಡಿಯ ಬಾಗಿಲು ತೆಗೆದಿಲ್ಲ. ಯಾರಾದರೂ ಟಾರ್ಚು ತಂದರೆ ಅಂಗೈ ಚಾಚಬೇಕಲ್ಲ, ಆ ಅಂಗೈ ನೋಡಲು ನನಗೆ ಮನಸ್ಸಿಲ್ಲ. ಕುಂಡಗಳನ್ನು ತೊಳೆದು ಕವುಚಿಟ್ಟಿದ್ದೇವೆ. ದೀಪವನ್ನು ಬಿಚ್ಚಿಲ್ಲ. ನಿನ್ನತ್ತೆ ಕಾಫಿಗೆ ಸಕ್ಕರೆ ಮತ್ತೆ ಮೊದಲಿನಷ್ಟೇ ಹಾಕುತ್ತಾಳೆ.

ನಿನಗೆ ಇದನ್ನು ಬರೆಯದೆ ಎಷ್ಟು ದಿನ ನೂಕಬಹುದಿತ್ತೋ ನೂಕಿದೆ. ಕ್ಷಮಿಸು ಎಂದು ಕೇಳುವ ಮುಖವೂ ಇಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು, ಮಕ್ಕಳ ಮೇಲೆ ಗಂಟಲು ಹರಿದುಕೊಂಡು ಕೂಗಬೇಡ. ರಜೆಯಲ್ಲಿ ಬರುವುದಾದರೆ ನಿನ್ನ ಹಾಸಿಗೆ ಇದ್ದಲ್ಲೇ ಇದೆ. ನಮ್ಮಿಬ್ಬರ ಆಶೀರ್ವಾದ ನಿನ್ನ ತಲೆಯ ಮೇಲೆ ಯಾವತ್ತೂ ಇರುತ್ತದೆ, ಅದಕ್ಕೆ ಹಣ್ಣು ಕಾಯಿ ಯಾವುದೂ ಬೇಕಿಲ್ಲ.

ನಿನ್ನ
ಬ್ಯಾಟರಿ ಮಾವ

ಮರೆತಿದ್ದು: ಮರೆತಿರಲಿಲ್ಲ, ಕೈ ಓಡಲಿಲ್ಲ. ಟಪಾಲಿನ ಹೊತ್ತಾಯಿತು, ಬೇಗ ಬರೆಯುತ್ತೇನೆ. ಗಿಡವನ್ನು ನಾನು ಅವನಿಗಾಗಿ ಬೆಳೆಸಿದೆನೋ, ನೀನು ಇನ್ನಷ್ಟು ದಿನ ನಮ್ಮ ಸೊಸೆಯಾಗಿಯೇ ಇರಬೇಕೆಂದು ಬೆಳೆಸಿದೆನೋ, ನನಗೇ ಅನುಮಾನ. ನಿಜ ಹೇಳುತ್ತೇನೆ, ನಿನ್ನ ಪತ್ರ ಬಂದ ದಿನ ಸಸಿಗಳು ಇನ್ನೂ ಹಸಿರಾಗಿದ್ದವು. ಬೇಗ ಹಣ್ಣು ಬಿಡದಿರಲಿ ಎಂದು ಒಂದು ಗಳಿಗೆ ಬೇಡಿಕೊಂಡೆ. ಮೇಷ್ಟ್ರನ್ನು ಇನ್ನು ಕಾಯಿಸಬೇಡ. ಒಪ್ಪಿಕೊಂಡೆ ಎಂದು ನಾಳೆಯೇ ಹೇಳು. ಗಿಡದ ಮಾತು ಕೇಳಿದರೆ ಹಣ್ಣು ಬಿಟ್ಟಿತು ಅನ್ನು. ಅವರು ನನ್ನನ್ನು ಕೇಳಿದರೆ ನಾನೂ ಹಾಗೇ ಅನ್ನುತ್ತೇನೆ. ತುಂಬಾ ಸಿಹಿಯಾಗಿತ್ತು ಅಂತಲೂ ಹೇಳುತ್ತೇನೆ.